ಹದಿನೇಳು ಹಲ್ಲು

ಸೈಕಲ್ಲಿನ ಜೊತೆಗೇ ಬಂದಿದ್ದ, ಹಿಂದಿನ ಚಕ್ರದ 18 ಹಲ್ಲಿನ ಕಾಗ್ ತೆಗೆಸಿ 17 ಹಲ್ಲಿನದು ಹಾಕಿಸಿದ ಮೇಲೆ ಫ್ರೀವೀಲ್ ಇಲ್ಲದ ನನ್ನ ಫಿಕ್ಸಿಯ ಹಿಂದಿನ ಟಯರು ಸವೆಯುವ ಕ್ರಮವೇ ಬೇರೆಯಾಗಿದೆ. ಮೊದಲು ಮೂರೇ ಕಡೆ ರಬ್ಬರು ಬೋಳಾಗಿ ಒಳಗಿನ ನೂಲು ಕಾಣುತ್ತಿತ್ತು. ಉಳಿದ ಕಡೆ ಅಚ್ಚು ಹಾಗೇ ಇರುತ್ತಿತ್ತು. ಈಗ ಚಕ್ರ ತಿರುಗಿಸುತ್ತ ಹೆಬ್ಬೆರಳಿನಲ್ಲಿ ಸವರಿ ನೋಡಿದರೆ ಸುತ್ತಲೂ ಒಂದೇ ಸಮ. ಕಡಿಮೆಯಾದದ್ದು ಒಂದು ಹಲ್ಲು, ಅಷ್ಟೇ. ಅದಕ್ಕೆ ಇಷ್ಟೊಂದು ಖುಷಿಯೇ ಎಂದು ಕೇಳುವವರಿಗೆ ನನ್ನ ಉತ್ತರ: ಹೌದು, ಇಷ್ಟೇ ಖುಷಿ.

ನಮ್ಮ ಊರು ಮಂಗಲ್ಪಾಡಿಯಲ್ಲಿ ಸಪಾಟು ದಾರಿ ಅಂತ ಸಿಗುವುದು ಹೆದ್ದಾರಿ ಪಕ್ಕದ ಸರ್ವಿಸ್ ರೋಡು, ಮತ್ತೆ ಕಡಲ ಬದಿ. ಪೂರ್ವಕ್ಕೆ ತಿರುಗಿದಿರೋ, ಬಂದ್ಯೋಡಿನಿಂದ ಪೆರ್ಮುದೆಗಾಗಲಿ ಕೈಕಂಬದಿಂದ ಬಾಯಾರಿಗಾಗಲಿ, ಮುರಕಲ್ಲಿನ ಪದವು ಹತ್ತಬೇಕು, ಬೈಲಿಗೆ ಇಳಿಯಬೇಕು, ಇಳಿದದ್ದನ್ನು ಮತ್ತೆ ಹತ್ತಬೇಕು. ಫ್ರೀವೀಲ್ ಇದ್ದವರು ಇಳಿಜಾರಿನಲ್ಲಿ ಕಾಲಿಗೆ ರಜೆ ಕೊಡುತ್ತಾರೆ. ಫಿಕ್ಸಿಯಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆಗೆ ಕಾಲೂ. ಹಾಗಾಗಿ ಏರಿಗೂ ಇಳಿಜಾರಿಗೂ ಒಂದೇ ಗೇರಿನಲ್ಲಿ ರಾಜಿ ಮಾಡಿಸಬೇಕು. ನನ್ನದು ಮುಂದೆ 42, ಹಿಂದೆ 17. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.2 ಮೀಟರ್ ಹೋಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಲಿಗೆ ಇಳಿಯುವಾಗ ಕಾಲು ನಿಮಿಷಕ್ಕೆ 128 ಸುತ್ತು ಹೊಡೆಯುತ್ತಿರುತ್ತದೆ. ಸೊಂಟ ಸೀಟಿನ ಮೇಲೆ ಕುಣಿಯಲು ಶುರುವಾಗುವ ಹೊತ್ತಿಗೆ ಗದ್ದೆ ಬದಿಯ ಮೋರಿ ಬಂದಿರುತ್ತದೆ, ರಸ್ತೆ ಮತ್ತೆ ಮೇಲೆ ನೋಡುತ್ತದೆ.

ಫಿಕ್ಸಿಯ ಹಿಂದಿನ ಚಕ್ರವನ್ನು ಕಾಲಿನಿಂದಲೇ ತಡೆದು ಜಾರಿಸುವ ಸ್ಕಿಡ್ ಕಲಿಯುವುದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಮಳೆ. ಒದ್ದೆ ಡಾಂಬರಿನ ಮೇಲೆ ಟಯರಿನ ಹಿಡಿತ ಕಡಿಮೆ, ಚಕ್ರ ಬೇಗ ಸೋಲುತ್ತದೆ. ಜೂನಿನಲ್ಲಿ ಶುರು ಮಾಡಿದವನ ಕಾಲಿಗೆ ಮಳೆ ಬಿಡುವಷ್ಟರಲ್ಲಿ ಒಣ ರಸ್ತೆಗೆ ಬೇಕಾದ ಬಲವೂ ಲೆಕ್ಕವೂ ಬಂದಿರುತ್ತದೆ. ಪಾದ ಪಟ್ಟಿಯೊಳಗೆ ಬಿಗಿಯಾಗಿರಬೇಕು. ಸೀಟಿನಿಂದ ಎದ್ದು ಸೊಂಟವನ್ನು ಹ್ಯಾಂಡಲಿನ ಹತ್ತಿರ ತರಬೇಕು, ತೊಡೆ ಹ್ಯಾಂಡಲಿಗೆ ತಾಗುವಷ್ಟು. ಹಿಂದಿನ ಚಕ್ರ ಹಗುರಾದ ಆ ಗಳಿಗೆಯಲ್ಲಿ, ಕ್ರ್ಯಾಂಕು ನೆಲಕ್ಕೆ ಸಮನಾಗಿ ಬಂದಾಗ, ಮುಂದಿನ ಪಾದವನ್ನು ಮೇಲಕ್ಕೆಳೆದು ಹಿಂದಿನ ಪಾದವನ್ನು ಕೆಳಕ್ಕೊತ್ತಿ ಹಿಡಿಯಬೇಕು. ಚೈನು ಕೆಳಗಡೆ ಬಿಗಿಯುತ್ತದೆ, ಮೊಣಕಾಲಿನ ಮೇಲೆ ಒಂದು ಜಗ್ಗು, ಆಮೇಲೆ ಸರ್ರೆಂದು ಸದ್ದು. ಆ ಸದ್ದು ಕಾಲಿನ ಮೂಲಕ ಕೇಳುತ್ತದೆ, ಕಿವಿಗೆ ಬರುವುದು ಆಮೇಲೆ. ಗೇರು ಭಾರವಿದ್ದಷ್ಟೂ ಈ ಹಿಡಿತ ಕಷ್ಟ: 170 ಮಿ.ಮೀ. ಕ್ರ್ಯಾಂಕಿನಲ್ಲಿ 48/16 ಇದ್ದರೆ ಪಾದದ ಬಲದಲ್ಲಿ ನೆಲಕ್ಕೆ ಮುಟ್ಟುವುದು ಸುಮಾರು ಆರನೆಯ ಒಂದು ಪಾಲು. 42/17ರಲ್ಲಿ ಐದನೆಯ ಒಂದು ಪಾಲು. ಕಲಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನು ಟಯರಿನ ಲೆಕ್ಕ. ಬಲಗಾಲು ಮುಂದಿಟ್ಟು ಸ್ಕಿಡ್ ಮಾಡುವವನು ಪ್ರತಿ ಸಲವೂ ಬಲಗಾಲನ್ನೇ ಮುಂದಿಡುತ್ತಾನೆ. ಅಂದರೆ ಕ್ರ್ಯಾಂಕು ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಆಗ ಟಯರಿನ ಯಾವ ಭಾಗ ನೆಲಕ್ಕೆ ಉಜ್ಜುತ್ತದೆ ಎಂಬುದನ್ನು ಹಲ್ಲುಗಳು ತೀರ್ಮಾನಿಸುತ್ತವೆ. ಮುಂದಿನ, ಹಿಂದಿನ ಹಲ್ಲುಗಳನ್ನು ಭಿನ್ನರಾಶಿಯಾಗಿ ಬರೆದು, ಮ.ಸಾ.ಅ.ದಿಂದ ಭಾಗಿಸಿ, ಛೇದದಲ್ಲಿ ಉಳಿದದ್ದನ್ನು ನೋಡಿ. ಟಯರು ಅಷ್ಟು ಕಡೆ ಸವೆಯುತ್ತದೆ. 42/18 ಅಂದರೆ 7/3, ಮೂರು ಕಡೆ. 45/18 ಅಂದರೆ 5/2, ಎರಡೇ ಕಡೆ. 48/16 ಅಂದರೆ 3/1. ಒಂದೇ ಒಂದು ಕಡೆ! 42/17 ಭಾಗವಾಗುವುದಿಲ್ಲ, 17 ಕಡೆ ಹಂಚಿಹೋಗುತ್ತದೆ. ಏಳನೆಯ ಕ್ಲಾಸಿನ ಮಗುವಿಗೆ ಬರುವ ಲೆಕ್ಕ ಇದು.

ಹಾಗಿದ್ದೂ ಮಂಗಳೂರಿನ ಕಡೆಯಿಂದ ತಲಪಾಡಿ ದಾಟಿ ಬರುವ ಹುಡುಗರಲ್ಲಿ ಹೆಚ್ಚಿನವರದ್ದು 48/16. ಯಾಕೆಂದು ಕೇಳಿದರೆ "ಸ್ಪೀಡ್ ಸಿಗುತ್ತದಣ್ಣ" ಅನ್ನುತ್ತಾರೆ. ಸಿಗುತ್ತದೆ, ಷಟ್ಪಥ ಹೆದ್ದಾರಿಯಲ್ಲಿ. ಬಾಯಾರಿನ ಏರಿನಲ್ಲಿ ಅದೇ ಹುಡುಗರು ಸೈಕಲ್ ತಳ್ಳಿಕೊಂಡು ನಡೆಯುತ್ತಾರೆ, ಮನೆಗೆ ಹೋಗುವ ದಾರಿಯಲ್ಲಿ ಟಯರಿನ ಆ ಒಂದೇ ಜಾಗ ಹರಿದು ಟ್ಯೂಬು ಸಿಡಿಯುತ್ತದೆ. ಒಂದು ಹಲ್ಲು ಹೆಚ್ಚಿಸಿ 48/17 ಮಾಡಿದರೂ ಸಾಕು, ಟಯರು ಬದುಕುತ್ತದೆ. ದೊಡ್ಡ ಗೇರನ್ನು ಗಂಡಸ್ತನದ ಅಳತೆ ಮಾಡಿಕೊಂಡವರಿಗೆ ಇದು ತಲೆಗೆ ಹೋಗುವುದಿಲ್ಲ.

ಟಯರು ಅವರ ದುಡ್ಡಿನದು, ಅದನ್ನು ಬಿಡೋಣ. ಬ್ರೇಕಿನ ಮಾತು ಹಾಗಲ್ಲ. ಮುಂದಿನ ಬ್ರೇಕು ಕಿತ್ತುಹಾಕಿ, "ಸ್ಕಿಡ್ ಬರುತ್ತದಲ್ಲ, ಬ್ರೇಕ್ ಎಂತಕ್ಕೆ?" ಅನ್ನುವವರ ಜೊತೆ ನನ್ನದು ಹಳೆಯ ಜಗಳ, ನಾನು ರಾಜಿಯಾಗುವವನಲ್ಲ. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಹಿಂದಿನ ಚಕ್ರವೊಂದರಿಂದ ಸಿಗುವ ತಡೆ ಮುಂದಿನ ಬ್ರೇಕಿನ ಅರ್ಧದಷ್ಟೂ ಇಲ್ಲ. ಅದರ ಮೇಲೆ ಸ್ಕಿಡ್ ಮಾಡಲು ನಾವು ಮಾಡುವುದೇನು? ಬೇಕೆಂದೇ ಮುಂದಕ್ಕೆ ವಾಲಿ, ಆ ಹಿಂದಿನ ಚಕ್ರದ ಭಾರವನ್ನು ಇನ್ನೂ ಇಳಿಸುತ್ತೇವೆ. ನಿಲ್ಲಿಸಬೇಕಾದ ಚಕ್ರವನ್ನು ನೆಲದಿಂದ ಅರ್ಧ ಎತ್ತಿಹಿಡಿದು ನಿಲ್ಲಿಸುತ್ತೇನೆ ಅನ್ನುವುದು ಯಾವ ಬುದ್ಧಿ? ಸ್ಕಿಡ್ ಒಂದು ಆಟ, ವೇಗ ತಗ್ಗಿಸುವ ಒಂದು ಚಂದದ ಉಪಾಯ. ತಟ್ಟನೆ ನಿಲ್ಲುವುದಕ್ಕೆ ಅದು ಆಗುವುದಿಲ್ಲ.

ವೆಲೋಡ್ರೋಮಿನಲ್ಲಿ ಬ್ರೇಕಿಲ್ಲವಲ್ಲ, ಜಪಾನಿನ ಕೇರಿನ್ ಸವಾರರಿಗೆ ಇಲ್ಲವಲ್ಲ ಎಂದು ವಾದಿಸುತ್ತಾರೆ. ಕೇರಿನ್ ಪಂದ್ಯ 1948ರಲ್ಲಿ ಕೊಕುರಾದಲ್ಲಿ ಶುರುವಾದದ್ದು ಮುಚ್ಚಿದ ಟ್ರ್ಯಾಕಿನಲ್ಲಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಒಬ್ಬ ಬ್ರೇಕು ಹಿಡಿದರೆ ಬೆನ್ನಿಗಂಟಿ ಬರುವವರೆಲ್ಲ ಬೀಳುತ್ತಾರೆ, ಅದಕ್ಕಾಗಿ ಬ್ರೇಕಿಲ್ಲ. ಬಂದ್ಯೋಡಿನಲ್ಲಿ ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು ಒಂದೇ ದಿಕ್ಕಿಗೆ ಹೋಗುತ್ತಾರೆಯೇ? ಬ್ರಿಟನ್ನಿನ 1983ರ ಸೈಕಲ್ ನಿಯಮದಲ್ಲಿ ಫಿಕ್ಸಿಯ ಹಿಂದಿನ ಚಕ್ರವನ್ನೇ ಒಂದು ಬ್ರೇಕೆಂದು ಒಪ್ಪಿಕೊಂಡಿದ್ದಾರೆ, ಆದರೆ ಮುಂದಿನ ಬ್ರೇಕು ಕಡ್ಡಾಯ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸಿ ಡಿಕ್ಕಿಯಾಗಿ ರಸ್ತೆ ದಾಟುತ್ತಿದ್ದ ತಾಯಿಯೊಬ್ಬಳು ಸತ್ತಳು. ಸವಾರನಿಗೆ ಮರುವರ್ಷ 18 ತಿಂಗಳ ಶಿಕ್ಷೆಯಾಯಿತು. ಇದನ್ನು ಹೇಳಿದರೂ ನಗುವವರ ಜೊತೆ ನಾನು ಸವಾರಿ ಹೋಗುವುದಿಲ್ಲ.

17ಕ್ಕೆ ಮರಳುತ್ತೇನೆ, ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಅದು. ಯುರೋಪಿನ ಹಳೆಯ ಗಾಳಿಗಿರಣಿ, ನೀರಗಿರಣಿಗಳನ್ನು ಕಟ್ಟುತ್ತಿದ್ದ ಬಡಗಿಗಳು ಮರದ ಹಲ್ಲುಚಕ್ರಗಳಿಗೆ ಲೆಕ್ಕ ತುಂಬಿದ ಮೇಲೂ ಒಂದು ಹಲ್ಲು ಹೆಚ್ಚು ಸೇರಿಸುತ್ತಿದ್ದರು. ಆ ಒಂದರಿಂದ ಎರಡು ಚಕ್ರಗಳ ಸಂಖ್ಯೆಗೆ ಸಾಮಾನ್ಯ ಭಾಜಕ ಇಲ್ಲದಂತಾಗಿ, ಅದೇ ಹಲ್ಲಿಗೆ ಅದೇ ಹಲ್ಲು ಮತ್ತೆಮತ್ತೆ ತಾಗುವುದು ತಪ್ಪುತ್ತಿತ್ತು. ಪ್ರತಿಯೊಂದು ಹಲ್ಲೂ ಎದುರಿನ ಪ್ರತಿಯೊಂದರ ಜೊತೆಗೂ ಸರದಿಯಂತೆ ಕೂಡಿ ಎಲ್ಲವೂ ಸಮನಾಗಿ ಸವೆಯುತ್ತಿದ್ದವು. ನನ್ನ ಟಯರಿನದೂ ಅದೇ ಲೆಕ್ಕ. ಪ್ರಕೃತಿಯಲ್ಲೂ 17 ಇದೆ: ಅಮೆರಿಕದ ಪೂರ್ವ ಭಾಗದಲ್ಲಿ ನೆಲದೊಳಗೆ 13 ವರ್ಷ ಇಲ್ಲವೇ 17 ವರ್ಷ ಇದ್ದು ಒಮ್ಮೆಲೇ ಮೇಲೆ ಬರುವ ಜೀರುಂಡೆಗಳಿವೆ. 13, 17 ಎರಡೂ ಅವಿಭಾಜ್ಯ. ಹಾಗಾಗಿ 13 ವರ್ಷದ ಒಂದು ಗುಂಪೂ 17 ವರ್ಷದ ಒಂದು ಗುಂಪೂ ಒಮ್ಮೆ ಒಂದೇ ವರ್ಷ ಎದ್ದರೆ, ಅದೇ ಜೋಡಿ ಮತ್ತೆ ಒಟ್ಟಿಗೆ ಏಳುವುದು 221 ವರ್ಷಕ್ಕೆ. 1803ರಲ್ಲಿ ಒಟ್ಟಿಗೆ ಎದ್ದಿದ್ದ ಎರಡು ಗುಂಪುಗಳು 2024ರಲ್ಲಿ ಮತ್ತೆ ಒಟ್ಟಿಗೆ ಎದ್ದವು. ಆ ಸುದ್ದಿ ಓದಿದ ದಿನ ನಾನು ಅಂಗಳಕ್ಕೆ ಹೋಗಿ ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿ, ಚೈನಿನ ಒಂದು ಕೊಂಡಿಗೆ ಸುಣ್ಣ ಹಚ್ಚಿ, ಅದು ಯಾವ ಹಲ್ಲಿನ ಮೇಲೆ ಕೂರುತ್ತದೆಂದು ಪೆಡಲು ತಿರುಗಿಸಿ ನೋಡುತ್ತ ಕೂತಿದ್ದೆ. ಕತ್ತಲಾದದ್ದು ಗೊತ್ತಾಗಲಿಲ್ಲ.

ಈಗ ಎಡಗಾಲು ಮುಂದಿಟ್ಟು ಸ್ಕಿಡ್ ಕಲಿಯುತ್ತಿದ್ದೇನೆ. ಅದಕ್ಕೂ ಲೆಕ್ಕವಿದೆ. ಎರಡೂ ಕಾಲಿನಲ್ಲಿ ಮಾಡಬಲ್ಲವನಿಗೆ, ಭಿನ್ನರಾಶಿಯ ಅಂಶ ಬೆಸವಾಗಿದ್ದರೆ, ಸವೆಯುವ ಜಾಗ ಇಮ್ಮಡಿಯಾಗುತ್ತದೆ. ಸಮವಾಗಿದ್ದರೆ ಎರಡು ಕಾಲೂ ಟಯರನ್ನು ಅದೇ ಜಾಗಗಳಲ್ಲಿ ಉಜ್ಜುತ್ತವೆ. 42 ಸಮಸಂಖ್ಯೆ. ಮುಂದೆ 43 ಹಲ್ಲಿನ ಚೈನ್‌ರಿಂಗ್ ಹಾಕಿದರೆ 17ರ ಬದಲು 34 ಕಡೆ ಸಿಗುತ್ತದೆ, ಗೇರು ಕೂದಲೆಳೆಯಷ್ಟು ಭಾರವಾಗುತ್ತದೆ, ಬಾಯಾರಿನ ಏರು ಅದನ್ನು ಕ್ಷಮಿಸುತ್ತದೆ. ಆದರೆ ಅಂಗಡಿಗಳಲ್ಲಿ 42 ಇದೆ, 44 ಇದೆ, 46 ಇದೆ. 43 ಕೇಳಿದರೆ ಮುಖ ನೋಡುತ್ತಾರೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ದಪ್ಪ ಚೈನಿಗೆ ಹೊಂದುವಂಥದ್ದು, ಐದು ಬೋಲ್ಟಿನದು. ಹಳೆಯದಾದರೂ ಆದೀತು.