ಚಳ್ಳಕೆರೆ ರಸ್ತೆಗೆ ಸ್ಕೀ

ಸ್ಕೀಯಿಂಗ್ ಅಂದರೆ ಗುಡ್ಡದ ತುದಿಯಿಂದ ಜಾರುವುದು ಅಂತಲೇ ನಮ್ಮ ಕಡೆಯವರ ಲೆಕ್ಕ. ಸಿನಿಮಾ ನೋಡಿದ್ದರ ಫಲ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ಹಾಗಲ್ಲ. ಹಿಮದ ಬಯಲಲ್ಲಿ ಕಿಲೋಮೀಟರುಗಟ್ಟಲೆ ಸಾಗುವ ಆಟ ಅದು, ಏರೂ ಹತ್ತಬೇಕು. ಬೂಟಿನ ಮುಂತುದಿ ಮಾತ್ರ ಸ್ಕೀ ಪಟ್ಟಿಗೆ ಸಿಕ್ಕಿರುತ್ತದೆ, ಹಿಮ್ಮಡಿ ಸಡಿಲ. ಒಂದು ಕಾಲಲ್ಲಿ ಒದ್ದು ಇನ್ನೊಂದರಲ್ಲಿ ಜಾರುತ್ತ, ಎರಡೂ ಕೈಯ ಕೋಲು ಊರಿ ಮೈಯನ್ನು ಮುಂದೆ ತಳ್ಳಬೇಕು. ಪೂರ್ತಿ ದಮ್ಮಿನ ಕೆಲಸ. ಕೊಡಗಿನ ಭವಾನಿ ತೆಕ್ಕಡ ನಂಜುಂಡ 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದದ್ದು ಇದರಲ್ಲೇ.

ಬಯಲು ಅಂದಕೂಡಲೇ ನನಗೆ ನೆನಪಾಗುವುದು ನಮ್ಮ ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲ್. ಅಮೃತಮಹಲ್ ದನ ಮೇಯ್ದ ನೆಲ, ಕಣ್ಣು ಹಾಯುವಷ್ಟು ದೂರ ಹುಲ್ಲು. ಮಾಗಿಯ ಬೆಳಗಿಗೆ ಕುರಿಯವರು ಕಂಬಳಿ ಹೊದ್ದೇ ಹೊರಡುವುದು. ಹಿಮದ ಮಾತು ಬಿಡಿ, ಮಳೆಯೇ ಸರಿಯಾಗಿ ಬಾರದ ಸೀಮೆ. ಮೇಲಾಗಿ ಕಾವಲಿನ ನೆಲ ಈಗ ಅಣು ಸಂಶೋಧನೆಯ ಬಾರ್ಕ್, ಇಸ್ರೋ ಪಾಲು.

ಆದರೂ ಇಲ್ಲಿ ಸ್ಕೀ ಕಟ್ಟಲು ದಾರಿ ಇದೆ. ಹಿಮವಿಲ್ಲದ ತಿಂಗಳಲ್ಲಿ ಯುರೋಪಿನ ಆಟಗಾರರು ಚಕ್ರ ಕಟ್ಟಿದ ರೋಲರ್ ಸ್ಕೀ ತೊಟ್ಟು ಡಾಂಬರಿನ ಮೇಲೆ ತಾಲೀಮು ಮಾಡುತ್ತಾರೆ. ನಮ್ಮ ನೇರ ರಸ್ತೆಗಳಿಗೆ ಹೇಳಿ ಮಾಡಿಸಿದ್ದು! ರಸ್ತೆ ಮೇಲೆ ಯಾರೂ ಶೇಂಗಾ ಹರವಿಲ್ಲವಾ ಅಂತ ನೋಡಿಕೊಂಡು ಹೊರಡಬೇಕು, ಅಷ್ಟೆ.