ಲಿಲಿಯನ್ನು ಯಾರೂ ಕೇಳಲಿಲ್ಲ

ಸಣ್ಣ ಊರು, ಹಳೆಯ ಮನೆ, ಅದರಲ್ಲೊಂದು ಹೂತುಹೋದ ಗುಟ್ಟು, ಅದನ್ನು ಬಯಲಿಗೆಳೆಯಲು ಸ್ವೆಟರ್ ಹೆಣೆಯುವ ಒಬ್ಬ ಅಜ್ಜಿ. ಇಂಥ ಪತ್ತೇದಾರಿ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ 'ಕೋಜಿ' ಎನ್ನುತ್ತಾರೆ. ಬೆಚ್ಚಗೆ ಹೊದ್ದುಕೊಂಡು ಓದುವಂಥವು. ಪಿಎಚ್‌ಡಿ ಓದು ತಲೆ ತಿನ್ನುವ ರಾತ್ರಿಗಳಲ್ಲಿ ನಾನು ಕೈಗೆತ್ತಿಕೊಳ್ಳುವುದು ಇವನ್ನೇ. ಆದರೆ ಅಗಾಥಾ ಕ್ರಿಸ್ಟಿಯವರ 'ಸ್ಲೀಪಿಂಗ್ ಮರ್ಡರ್' ಮಾತ್ರ ಪ್ರತಿ ಸಲವೂ ನಿದ್ದೆ ಕೆಡಿಸುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲೇ ಬರೆದಿಟ್ಟಿದ್ದ ಈ ಕಾದಂಬರಿ ಅಚ್ಚಾದದ್ದು 1976ರಲ್ಲಿ, ಕ್ರಿಸ್ಟಿ ತೀರಿಕೊಂಡ ಮೇಲೆ. ನ್ಯೂಜಿಲೆಂಡಿನಿಂದ ಇಂಗ್ಲೆಂಡಿಗೆ ಬಂದ ನವವಿವಾಹಿತೆ ಗ್ವೆಂಡಾ, ಡಿಲ್‌ಮೌತ್ ಎಂಬ ಕಡಲತೀರದ ಊರಲ್ಲಿ ಮನೆ ಕೊಳ್ಳುತ್ತಾಳೆ. ತೋಟದಲ್ಲಿ ಇಂಥ ಕಡೆ ಮೆಟ್ಟಿಲಿರಬೇಕು ಎಂದು ಅಗೆಸಿದರೆ ಅಲ್ಲೇ ಹಳೆಯ ಮೆಟ್ಟಿಲು ಸಿಗುತ್ತದೆ. ಗೋಡೆಗೆ ಎಂಥ ಹೂವಿನ ಕಾಗದ ಅಂಟಿಸಬೇಕೆಂದು ಅಂದುಕೊಂಡಿದ್ದಳೋ, ಮುಚ್ಚಿಹೋಗಿದ್ದ ಕಪಾಟು ತೆರೆದಾಗ ಒಳಗೆ ಅದೇ ಕಾಗದ. ಮನೆಯಲ್ಲಿ ದೆವ್ವವಿದೆಯೋ, ತನಗೇ ಹುಚ್ಚು ಹಿಡಿಯಿತೋ? ಮಿಸ್ ಮಾರ್ಪಲ್ ಅಜ್ಜಿ ಎರಡನ್ನೂ ಒಪ್ಪುವುದಿಲ್ಲ. ಈ ಹುಡುಗಿ ಚಿಕ್ಕಂದಿನಲ್ಲಿ ಅದೇ ಮನೆಯಲ್ಲಿ ಇದ್ದಿರಬೇಕು ಎನ್ನುವುದು ಆಕೆಯ ಊಹೆ. ದೆವ್ವ ನೆನಪಾಗಿ ಬದಲಾಗುವ ಆ ಗಳಿಗೆ ನನಗೆ ಬಹಳ ಇಷ್ಟ. ಹೆದರಿದ ಹೆಣ್ಣಿನ ಮಾತನ್ನು ಇನ್ನೊಬ್ಬಳು ನಂಬಿ ಕೇಳಿದ್ದಾಳೆ.

ನಿದ್ದೆ ಕೆಡಿಸುವುದು ಮುಂದಿನ ಕತೆ. ಗ್ವೆಂಡಾಳ ಮಲತಾಯಿ ಹೆಲೆನ್ ಯಾರ ಜೊತೆಗೋ ಓಡಿಹೋದಳು ಎಂದು ಊರು ನಂಬಿತ್ತು. ಮನೆಗೆಲಸದ ಲಿಲಿಗೆ ಮಾತ್ರ ಅನುಮಾನ. ಹೆಲೆನ್ ಕೊಂಡೊಯ್ದಳು ಎನ್ನುವ ಬಟ್ಟೆಗಳು ಹೆಂಗಸೊಬ್ಬಳು ತಾನೇ ಆರಿಸಿ ಪೆಟ್ಟಿಗೆಗೆ ತುಂಬುವಂಥವಾಗಿರಲಿಲ್ಲ. ದಿನವೂ ಆ ಕಪಾಟು ನೋಡುತ್ತಿದ್ದವಳಿಗಲ್ಲದೆ ಅದು ಇನ್ಯಾರಿಗೆ ತಿಳಿಯಬೇಕು? ಸುಮಾರು 18 ವರ್ಷ ಅವಳನ್ನು ಯಾರೂ ಕೇಳಲಿಲ್ಲ. ಕೊನೆಗೆ ಹೆಲೆನ್ ಬಗ್ಗೆ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ, ಗೊತ್ತಿದ್ದನ್ನು ಹೇಳಲು ಹೊರಟವಳು ದಾರಿಯಲ್ಲೇ ಕೊಲೆಯಾಗುತ್ತಾಳೆ.

ಹಳೆಯದನ್ನು ಕೆದಕಬೇಡಿ ಎಂದು ಮಾರ್ಪಲ್ ಮೊದಲೇ ಎಚ್ಚರಿಸಿದ್ದಳು. ಎಚ್ಚರಿಕೆ ಸಿಕ್ಕಿದ್ದು ಗ್ವೆಂಡಾಳಿಗೆ, ಬೆಲೆ ತೆತ್ತವಳು ಲಿಲಿ. ಕಾದಂಬರಿ ಅವಳಿಗಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೊಲೆಗಾರ ಸಿಕ್ಕಿಬೀಳುತ್ತಾನೆ, ಮನೆ ಮತ್ತೆ ಬೆಚ್ಚಗಾಗುತ್ತದೆ.

ಹಳೆಯ ಕಾಲದ ಬಗ್ಗೆ ವಯಸ್ಸಾದವರನ್ನು ಮಾತಾಡಿಸುವುದು ನನ್ನ ಸಂಶೋಧನೆಯ ಭಾಗ. ಗುಟ್ಟು ಬಿಚ್ಚಿದರೆ ನನಗೊಂದು ಅಧ್ಯಾಯ ಸಿಗುತ್ತದೆ. ಹೇಳಿದವರು ಮಾತ್ರ ಮರುದಿನವೂ ಅದೇ ಬೀದಿಯಲ್ಲಿ ನೀರು ಹಿಡಿಯಬೇಕು, ಅದೇ ಅಂಗಡಿಯಲ್ಲಿ ಸಾಲ ಕೇಳಬೇಕು. ಅದಕ್ಕೇ ರೆಕಾರ್ಡರ್ ಒತ್ತುವ ಮುಂಚೆ ಹೇಳಿಬಿಡುತ್ತೇನೆ: ಬೇಡ ಅನ್ನಿಸಿದ್ದನ್ನು ಹೇಳಬೇಡಿ ಅಜ್ಜಿ, ಹೇಳಿದ್ದನ್ನೂ ನಾಳೆ ಅಳಿಸು ಅಂದರೆ ಅಳಿಸುತ್ತೇನೆ.