ಚಿನ್ನದ ಪದಕದ ಹಿಂದಿನ ಐದು ತಿಂಗಳು

ಪ್ರಸಿದ್ಧ ಆಟಗಾರರ ಬಗ್ಗೆ ಓದುವಾಗ ಅವರು ಗೆದ್ದ ಪದಕಗಳ ಲೆಕ್ಕ ಸಿಗುತ್ತದೆ. ಆ ಪದಕಕ್ಕಾಗಿ ಮನೆಯವರು ಏನು ಬಿಟ್ಟುಕೊಟ್ಟರು ಎಂಬ ಲೆಕ್ಕ ಸಿಗುವುದು ಕಡಿಮೆ. ಫಿಜಿ ದೇಶದ ರಗ್ಬಿ ಸೆವೆನ್ಸ್ ಆಟಗಾರ ಜೆರಿ ತುವಾಯ್ ಬಗ್ಗೆ ಓದಿದಾಗ ನನ್ನನ್ನು ಕಾಡಿದ್ದು ಈ ಎರಡನೆಯ ಲೆಕ್ಕ.

ರಗ್ಬಿ ನಮ್ಮ ಊರುಗಳಿಗೆ ಅಷ್ಟಾಗಿ ಪರಿಚಿತವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟವದು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಜೊತೆಗಾರನಿಗೆ ಕೊಡಬೇಕು. ಸೆವೆನ್ಸ್‌ನಲ್ಲಿ ತಂಡಕ್ಕೆ 7 ಮಂದಿ, 7 ನಿಮಿಷಗಳ ಎರಡು ಅವಧಿ. ಮೈದಾನ ಮಾತ್ರ 15 ಮಂದಿ ಆಡುವಷ್ಟೇ ದೊಡ್ಡದು. ಓಡಲಾರದವನಿಗೆ ಅಲ್ಲಿ ಸ್ಥಳವಿಲ್ಲ.

ತುವಾಯ್ ಬೆಳೆದದ್ದು ರಾಜಧಾನಿ ಸುವಾದ ಬಳಿಯ ನ್ಯೂಟೌನ್ ಎಂಬ ಬಡವರ ವಸತಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ಬರಿಗಾಲಲ್ಲಿ, ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಚೆಂಡಾಗಿಸಿ ಆಡಿದ ಹುಡುಗ. 2014ರಲ್ಲಿ ರಾಷ್ಟ್ರೀಯ ತಂಡ ಸೇರಿದರು. 2016ರಲ್ಲಿ ರಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿಜಿ ಬ್ರಿಟನ್ನನ್ನು 43-7ರಿಂದ ಸೋಲಿಸಿತು. ಅದು ಆ ದೇಶದ ಮೊತ್ತಮೊದಲ ಒಲಿಂಪಿಕ್ ಪದಕ. ಜನರ ಅಭಿಮಾನ ಎಷ್ಟಿತ್ತೆಂದರೆ ಸರಕಾರ ರಜೆ ಘೋಷಿಸಿತು. ಮರುವರ್ಷ 7 ಡಾಲರಿನ ವಿಶೇಷ ನೋಟನ್ನೇ ಹೊರತಂದಿತು. 2019ರಲ್ಲಿ ತುವಾಯ್ ವಿಶ್ವದ ವರ್ಷದ ಸೆವೆನ್ಸ್ ಆಟಗಾರರಾದರು.

ಎರಡನೆಯ ಚಿನ್ನದ ದಾರಿ ಬೇರೆಯಾಗಿತ್ತು. ಕೊರೋನಾ ಕಾಲದಲ್ಲಿ ತರಬೇತಿ ಶಿಬಿರಕ್ಕೆ ಹೋದ ಆಟಗಾರರು ಮನೆಗೆ ಮರಳಲಾಗಲಿಲ್ಲ. ಸುಮಾರು ಐದು ತಿಂಗಳು ಮಡದಿ ಮಕ್ಕಳಿಂದ ದೂರವಿದ್ದು, ಮೀನು ಸಾಗಿಸುವ ಸರಕು ವಿಮಾನದಲ್ಲಿ ಟೋಕಿಯೋಗೆ ಹೊರಟರು. 2021ರ ಜುಲೈ 28ರಂದು ನಾಯಕ ತುವಾಯ್ ತಂಡ ನ್ಯೂಜಿಲೆಂಡನ್ನು 27-12ರಿಂದ ಸೋಲಿಸಿತು. ಪುರುಷರ ಸೆವೆನ್ಸ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಅವರು. ಗೆದ್ದ ಗಳಿಗೆಯಲ್ಲಿ ಅವರು ನೆನೆದದ್ದು ಆ ಐದು ತಿಂಗಳ ಅಗಲಿಕೆಯನ್ನು.

ಇದನ್ನು ಓದಿದಾಗ ನನಗೆ ಗಲ್ಫ್‌ನಲ್ಲಿ ದುಡಿದ ಅಣ್ಣನ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವನ ಕಿರಿಯ ಮಗಳು ಉಮ್ಮನ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದಳು. ಅವಳು ಹತ್ತಿರ ಬಂದು ಮಾತಾಡತೊಡಗುವಾಗ ಅವನ ರಜೆ ಮುಗಿದಿರುತ್ತಿತ್ತು. ಅವನು ತಂದ ಪೆಟ್ಟಿಗೆಯ ಸಾಮಾನು ಎಲ್ಲರಿಗೂ ನೆನಪಿದೆ. ಅವನ ಒಂಟಿತನವನ್ನು ಕೇಳಿದವರು ಕಡಿಮೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಫಿಜಿ ಫ್ರಾನ್ಸ್‌ಗೆ 28-7ರಿಂದ ಸೋತಿತು. ಒಲಿಂಪಿಕ್ ಸೆವೆನ್ಸ್‌ನಲ್ಲಿ ಅದು ಫಿಜಿಯ ಮೊದಲ ಸೋಲು. ತುವಾಯ್ ಆ ತಂಡದಲ್ಲೂ ಇದ್ದರು, ಬೆಳ್ಳಿಯೊಂದಿಗೆ ಮರಳಿದರು. ಚಿನ್ನ ಎಲ್ಲ ಸಲವೂ ಬರುವುದಿಲ್ಲ. ಆದರೆ ಪದಕ ಯಾವುದಾದರೂ, ಬರಿಗೈಯೇ ಆದರೂ, ದೂರದಿಂದ ಬಂದವನನ್ನು ಬಾಗಿಲಲ್ಲಿ ಕಾಯುವವರು ಬೇಕು. ನಿಮ್ಮ ಮನೆಯಿಂದಲೂ ಯಾರಾದರೂ ದುಡಿಮೆಗೋ ಓದಿಗೋ ದೂರ ಹೋಗಿರಬಹುದು. ಮುಂದಿನ ಸಲ ಫೋನ್ ಬಂದಾಗ ಹಣ ಕಳಿಸಿದ ವಿಚಾರಕ್ಕಿಂತ ಮೊದಲು ಅವರ ಊಟ, ನಿದ್ದೆಯ ಬಗ್ಗೆ ವಿಚಾರಿಸಿ. ಮಗುವಿನ ಕೈಗೂ ಸ್ವಲ್ಪ ಹೊತ್ತು ಫೋನ್ ಕೊಡಿ.